ಅಂಚಿನಲ್ಲಿ ನಿಂತವರ ಮುಖ

‘ವಿಶಾಲ ದೃಷ್ಟಿ’ ಎಂಬ ಮಾತನ್ನು ನಾವು ಸದಾ ಹೊಗಳಿಕೆಯ ಅರ್ಥದಲ್ಲಿಯೇ ಬಳಸುತ್ತೇವೆ. ಸಂಕುಚಿತ ದೃಷ್ಟಿಯವನೆಂದು ಕರೆಸಿಕೊಳ್ಳಲು ಯಾರೂ ಇಷ್ಟಪಡುವುದಿಲ್ಲ. ಎಲ್ಲರನ್ನೂ ಒಳಗೊಳ್ಳಬೇಕು, ಯಾರನ್ನೂ ಹೊರಗಿಡಬಾರದು ಎಂಬುದು ದೇವಾಲಯದ ಪ್ರಬೋಧನೆಯಿಂದ ಹಿಡಿದು ರಾಜಕೀಯ ವೇದಿಕೆಯವರೆಗೆ ಎಲ್ಲೆಡೆಯೂ ಕೇಳಿಬರುವ ಮಾತು. ಆದರೆ ವಿಶಾಲವಾಗಿ ನೋಡುವುದಕ್ಕೆ ಏನಾದರೂ ಬೆಲೆ ಉಂಟೇ? ಉಂಟಾದರೆ ಆ ಬೆಲೆಯನ್ನು ತೆರುವವರು ಯಾರು? ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಅಪರೂಪ. ಇದಕ್ಕೆ ಉತ್ತರ ಹುಡುಕಲು ನಮಗೆ ನೆರವಾಗಬಲ್ಲ ಒಂದು ವಸ್ತು ಈಗ ನಮ್ಮಲ್ಲಿ ಅನೇಕರ ಜೇಬಿನಲ್ಲಿಯೇ ಇದೆ. ಅದು ಅತಿವಿಶಾಲಕೋನದ ಕ್ಯಾಮೆರಾ ಮಸೂರ. ಛಾಯಾಗ್ರಾಹಕರು ‘ಅಲ್ಟ್ರಾ ವೈಡ್ ಲೆನ್ಸ್’ ಎಂದು ಕರೆಯುವುದು ಇದನ್ನೇ.

ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯವನ್ನು ಕಂಡವರಿಗೆ ಈ ಮಸೂರದ ಅಗತ್ಯ ಸುಲಭವಾಗಿ ಅರ್ಥವಾಗುತ್ತದೆ. ಇಟಲಿಯಿಂದ ಬಂದ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿಯವರು 19ನೆಯ ಶತಮಾನದ ಕೊನೆಯಲ್ಲಿ ಅಲ್ಲಿನ ಗೋಡೆ ಛಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಅಂತಹ ಒಳಾಂಗಣದಲ್ಲಿ ನಿಂತವನ ಕಣ್ಣು ಒಂದು ಚಿತ್ರದಿಂದ ಇನ್ನೊಂದಕ್ಕೆ ಅಲೆಯುತ್ತದೆಯೇ ಹೊರತು ಇಡಿಯಾಗಿ ಎಲ್ಲವನ್ನೂ ಹಿಡಿಯಲಾರದು. ಇಡಿಯಾಗಿ ಹಿಡಿಯಲು ಹಿಂದೆ ಸರಿಯೋಣವೆಂದರೆ ಬೆನ್ನಿಗೆ ಗೋಡೆ. ಹಿಂದೆ ಸರಿಯಲು ಎಡೆಯಿಲ್ಲದ ಕಡೆ ಎಲ್ಲವನ್ನೂ ಒಂದೇ ಚೌಕಟ್ಟಿನೊಳಗೆ ತರುವುದಕ್ಕೇ ಈ ಮಸೂರ ಹುಟ್ಟಿತು.

ಅಂಕಿಗಳಲ್ಲಿ ಹೇಳುವುದಾದರೆ, 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರದ ಫಿಲ್ಮಿನ ಮೇಲೆ 50 ಮಿ.ಮೀ. ಸಂಗಮದೂರದ ಸಾಮಾನ್ಯ ಮಸೂರವು ಮೂಲೆಯಿಂದ ಮೂಲೆಗೆ ಸುಮಾರು 47 ಡಿಗ್ರಿಯಷ್ಟು ನೋಟವನ್ನು ಹಿಡಿಯುತ್ತದೆ. 24 ಮಿ.ಮೀ. ಮಸೂರ ಸುಮಾರು 84 ಡಿಗ್ರಿ ಹಿಡಿಯುತ್ತದೆ. 14 ಮಿ.ಮೀ.ನದು ಸುಮಾರು 114 ಡಿಗ್ರಿ ಹಿಡಿಯುತ್ತದೆ. ಮೊದಲು ವೃತ್ತಿಪರರ ಕೈಯಲ್ಲಿ ಮಾತ್ರ ಇದ್ದ ಈ ಸೌಕರ್ಯ 2019ರಲ್ಲಿ ಆ್ಯಪಲ್ ಹಾಗೂ ಸ್ಯಾಮ್‌ಸಂಗ್ ಕಂಪನಿಗಳ ಪ್ರಮುಖ ಫೋನುಗಳಿಗೆ ಸೇರಿತು. ಅಲ್ಲಿಂದೀಚೆಗೆ ಫೋನಿನ ಪರದೆಯ ಮೇಲೆ 0.5 ಎಂಬ ಅಂಕಿಯನ್ನು ಒತ್ತಿದರೆ ಸಾಕು, ಹೊರಗೆ ಉಳಿದಿದ್ದ ಅತ್ತೆ, ಮಾವ, ಪಕ್ಕದ ಮನೆಯವರು ಎಲ್ಲರೂ ಚಿತ್ರದೊಳಗೆ ಬಂದುಬಿಡುತ್ತಾರೆ. ಎಷ್ಟು ಸುಲಭ! ಆದರೆ ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ಅಂಚಿನಲ್ಲಿ ನಿಂತವರಿಗೆ ಏನಾಗಿದೆಯೆಂಬುದು ಕಾಣುತ್ತದೆ.

ಎಳೆಯಲ್ಪಟ್ಟ ಮುಖಗಳು

ನಡುವೆ ನಿಂತವರ ಮುಖ ಇದ್ದಂತೆಯೇ ಇರುತ್ತದೆ. ಅಂಚಿಗೆ ಹೋದಂತೆ ಮುಖಗಳು ಅಡ್ಡಕ್ಕೆ ಎಳೆದಂತಾಗಿ ಮೊಟ್ಟೆಯಾಕಾರ ತಾಳುತ್ತವೆ. ತೋಳು ದಪ್ಪವಾಗುತ್ತದೆ, ಹೆಗಲು ಹಿಗ್ಗುತ್ತದೆ. ಇದು ಅಗ್ಗದ ಗಾಜಿನ ದೋಷವೆಂದು ಅನೇಕರು ತಿಳಿಯುತ್ತಾರೆ. ನಿಜವಾಗಿ ಹಾಗಲ್ಲ. ಅತ್ಯಂತ ಬೆಲೆಬಾಳುವ, ದೋಷವೇ ಇಲ್ಲದ ಮಸೂರದಲ್ಲಿಯೂ ಹೀಗೆಯೇ ಆಗುತ್ತದೆ. ಕೈದೀಪವನ್ನು ಗೋಡೆಗೆ ನೇರವಾಗಿ ಹಿಡಿದರೆ ಬೆಳಕು ದುಂಡಗೆ ಬೀಳುತ್ತದೆ. ಓರೆಯಾಗಿ ಹಿಡಿದರೆ ಅದೇ ಬೆಳಕು ಉದ್ದಕ್ಕೆ ಹರಡುತ್ತದೆ. ಚಪ್ಪಟೆಯಾದ ಫಿಲ್ಮಿನ ಅಂಚಿಗೆ ಬರುವ ಕಿರಣಗಳೂ ಹೀಗೆಯೇ ಓರೆಯಾಗಿ ಬೀಳುತ್ತವೆ. 14 ಮಿ.ಮೀ. ಮಸೂರದಲ್ಲಿ ಚೌಕಟ್ಟಿನ ಎಡ ಅಥವಾ ಬಲ ಅಂಚಿನಲ್ಲಿ ಒಂದು ಚೆಂಡನ್ನು ಇಟ್ಟರೆ ಅದರ ಅಗಲ ಎತ್ತರದ ಸುಮಾರು 1.6 ಪಟ್ಟು ಆಗಿ ಮೂಡುತ್ತದೆ. ಮನುಷ್ಯನ ತಲೆಯ ಗತಿಯೂ ಅಷ್ಟೇ.

ಇದನ್ನು ತಪ್ಪಿಸಲಾಗದೇ? ನಮ್ಮ ಸುತ್ತಲಿನ ನೋಟವೆಂಬುದು ಒಂದು ದೊಡ್ಡ ಗೋಳದ ಒಳಮೈಯಂತಿದೆ. ಚಿತ್ರವೋ ಚಪ್ಪಟೆಯಾದ ಹಾಳೆ. ಗೋಳದ ಮೈಯನ್ನು ಎಲ್ಲಿಯೂ ಹಿಗ್ಗಿಸದೆ, ಕುಗ್ಗಿಸದೆ, ಹರಿಯದೆ ಚಪ್ಪಟೆ ಮಾಡಲು ಸಾಧ್ಯವೇ ಇಲ್ಲವೆಂಬುದು ಜರ್ಮನಿಯ ಗಣಿತಜ್ಞ ಕಾರ್ಲ್ ಫ್ರೀಡ್ರಿಕ್ ಗೌಸ್ 1827ರಲ್ಲಿ ಪ್ರಕಟಿಸಿದ ಪ್ರಮೇಯದಿಂದ ಸಿದ್ಧವಾಗುವ ಸಂಗತಿ. ಕಿತ್ತಳೆಯ ಸಿಪ್ಪೆಯನ್ನು ಮೇಜಿನ ಮೇಲೆ ಒತ್ತಿ ಚಪ್ಪಟೆ ಮಾಡಲು ಹೊರಟ ಮಗುವಿಗೂ ಇದು ಗೊತ್ತು. ಆದ್ದರಿಂದ ವಿಶಾಲವಾಗಿ ನೋಡುವವನ ಮುಂದೆ ವಿರೂಪ ಬೇಕೇ ಬೇಡವೇ ಎಂಬ ಆಯ್ಕೆಯೇ ಇಲ್ಲ. ಯಾವ ವಿರೂಪ, ಅದು ಯಾರ ಪಾಲಿಗೆ ಎಂಬ ಆಯ್ಕೆ ಮಾತ್ರ ಉಳಿಯುತ್ತದೆ. ಆಯ್ಕೆ ಇರುವಲ್ಲಿ ಹೊಣೆಯೂ ಇರುತ್ತದೆ. ಈ ಹಂತದಲ್ಲಿಯೇ ದೃಗ್ವಿಜ್ಞಾನದ ಪ್ರಶ್ನೆ ನೀತಿಯ ಪ್ರಶ್ನೆಯಾಗಿ ತಿರುಗುತ್ತದೆ.

ಗೋಡೆ ನೆಟ್ಟಗಿರಬೇಕೇ, ಮುಖ ಸರಿಯಿರಬೇಕೇ?

ಛಾಯಾಗ್ರಾಹಕನಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದರಲ್ಲಿ ಸರಳರೇಖೆಗಳು ಸರಳರೇಖೆಗಳಾಗಿಯೇ ಉಳಿಯುತ್ತವೆ. ಕಂಬ, ಗೋಡೆ, ಬಾಗಿಲು ಎಲ್ಲವೂ ನೆಟ್ಟಗೆ ನಿಲ್ಲುತ್ತವೆ. ಅಂಚಿನ ಮುಖಗಳು ಮಾತ್ರ ಎಳೆಯಲ್ಪಡುತ್ತವೆ. ಎರಡನೆಯದು ಮೀನುಗಣ್ಣಿನ ಮಸೂರ. ನೀರಿನೊಳಗಿನ ಮೀನು ಮೇಲಕ್ಕೆ ನೋಡಿದಾಗ ಇಡೀ ಆಕಾಶವು ಸುಮಾರು 97 ಡಿಗ್ರಿಯ ಒಂದು ದುಂಡು ಕಿಟಕಿಯೊಳಗೆ ಮುದುಡಿಕೊಂಡು ಕಾಣುತ್ತದೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1906ರಲ್ಲಿ ಈ ನೋಟವನ್ನು ಕ್ಯಾಮೆರಾದಲ್ಲಿ ಹಿಡಿದು ಅದಕ್ಕೆ ಮೀನುಗಣ್ಣಿನ ನೋಟವೆಂದು ಹೆಸರಿಟ್ಟರು. 1920ರ ದಶಕದಲ್ಲಿ ಇಂಗ್ಲೆಂಡಿನ ರಾಬಿನ್ ಹಿಲ್ ಮೋಡಗಳ ಅಧ್ಯಯನಕ್ಕೆಂದು ಇಡೀ ಆಕಾಶವನ್ನು ಒಂದೇ ಚಿತ್ರದಲ್ಲಿ ಹಿಡಿಯುವ ಮಸೂರವನ್ನು ರೂಪಿಸಿದರು. ಈ ಬಗೆಯ ನೋಟದಲ್ಲಿ ಅಂಚಿನ ಮುಖಗಳು ಅಷ್ಟೊಂದು ಹಿಗ್ಗುವುದಿಲ್ಲ. ಆದರೆ ಕಂಬಗಳು ಬಿಲ್ಲಿನಂತೆ ಬಾಗುತ್ತವೆ.

ಗೋಡೆಗಳನ್ನು ಉಳಿಸಿದರೆ ಮುಖಗಳು ಕೆಡುತ್ತವೆ, ಮುಖಗಳನ್ನು ಉಳಿಸಿದರೆ ಗೋಡೆಗಳು ಬಾಗುತ್ತವೆ. ಈ ಇಕ್ಕಟ್ಟಿಗೆ 2019ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ಒಂದು ಪರಿಹಾರವನ್ನು ಪ್ರಕಟಿಸಿದರು. ಅವರು ಇಡೀ ಚಿತ್ರಕ್ಕೆ ಒಂದೇ ನಿಯಮವನ್ನು ಅನ್ವಯಿಸಲಿಲ್ಲ. ಗಣಕವು ಮೊದಲು ಚಿತ್ರದಲ್ಲಿ ಎಲ್ಲೆಲ್ಲಿ ಮುಖಗಳಿವೆಯೆಂದು ಗುರುತಿಸುತ್ತದೆ. ಆ ಮುಖಗಳಿಗೆ ಅವುಗಳ ಸಹಜ ಆಕಾರವನ್ನು ಮರಳಿಸುವ ಬೇರೊಂದು ನಿಯಮವನ್ನು ಅನ್ವಯಿಸುತ್ತದೆ. ಹಿನ್ನೆಲೆಯ ಗೋಡೆ ಕಂಬಗಳನ್ನು ನೆಟ್ಟಗೆ ಉಳಿಸುತ್ತದೆ. ಎರಡರ ನಡುವಣ ಸಂಧಿಯನ್ನು ನಯವಾಗಿ ಬೆಸೆಯುತ್ತದೆ.

ಗೋಡೆಗೆ ಒಪ್ಪುವ ನಿಯಮ ಮುಖಕ್ಕೆ ಒಪ್ಪುವುದಿಲ್ಲ. ಎಷ್ಟು ಸರಳವಾದ ತಿಳಿವಳಿಕೆ, ಆದರೂ ಎಷ್ಟು ತಡವಾಗಿ ಬರುವ ತಿಳಿವಳಿಕೆ! ಸಬ್ಬತ್ ದಿನದಂದು ಪ್ರಾರ್ಥನಾಮಂದಿರದಲ್ಲಿ ಕೈಬತ್ತಿದ ಒಬ್ಬ ಮನುಷ್ಯನಿದ್ದ ಪ್ರಸಂಗವನ್ನು ಸಂತ ಮಾರ್ಕನು ತನ್ನ ಶುಭಸಂದೇಶದ ಮೂರನೆಯ ಅಧ್ಯಾಯದಲ್ಲಿ ದಾಖಲಿಸಿದ್ದಾನೆ. ಸುತ್ತಲಿದ್ದವರು ನಿಯಮದ ರೇಖೆ ಬಾಗದಿರಲಿ ಎಂದು ಕಾಯುತ್ತಿದ್ದರು. ಆ ರೇಖೆಯನ್ನು ನೆಟ್ಟಗಿಡಲು ಒಬ್ಬ ಮನುಷ್ಯ ವಿಕಾರವಾಗಿಯೇ ಉಳಿದರೆ ಅವರಿಗೆ ಚಿಂತೆಯಿರಲಿಲ್ಲ. ಯೇಸುಸ್ವಾಮಿಯಾದರೋ ಆ ಮನುಷ್ಯನನ್ನು ಎಲ್ಲರ ನಡುವೆ ಬಂದು ನಿಲ್ಲುವಂತೆ ಹೇಳಿದರು. ಗುಣಪಡಿಸುವುದಕ್ಕೆ ಮೊದಲೇ ಅವನ ಸ್ಥಾನವನ್ನು ಬದಲಿಸಿದರು. ಅಂಚಿನಲ್ಲಿದ್ದವನು ಮಧ್ಯಕ್ಕೆ ಬಂದ.

ಗಣಕದ ಪರಿಹಾರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮುಖವನ್ನು ಸರಿಪಡಿಸಬೇಕಾದರೆ ಅಲ್ಲೊಂದು ಮುಖವಿದೆಯೆಂದು ಮೊದಲು ಗುರುತಿಸಬೇಕು. ಗುರುತಿಸದೆ ಹೋದರೆ ಅದಕ್ಕೆ ಗೋಡೆಯ ನಿಯಮವೇ ಗತಿ. ನಮ್ಮ ಸಂಘ ಸಂಸ್ಥೆಗಳಲ್ಲಿ, ಕಚೇರಿಗಳಲ್ಲಿ, ಧರ್ಮಕೇಂದ್ರಗಳಲ್ಲಿ ಎಷ್ಟೋ ಜನರಿಗೆ ಗೋಡೆಯ ನಿಯಮ ಅನ್ವಯವಾಗುವುದು ಯಾರದೋ ದ್ವೇಷದಿಂದಲ್ಲ. ಅಲ್ಲೊಂದು ಮುಖವಿದೆಯೆಂದು ಯಾರೂ ಗಮನಿಸದಿರುವುದರಿಂದ.

ಸೇರಿಸಿಕೊಳ್ಳುವುದು ಮತ್ತು ನ್ಯಾಯ ಸಲ್ಲಿಸುವುದು

ನಮ್ಮ ಧರ್ಮಕೇಂದ್ರಗಳ ಗುಂಪುಚಿತ್ರಗಳನ್ನು ಒಮ್ಮೆ ನೆನಪಿಗೆ ತಂದುಕೊಳ್ಳೋಣ. ದೇವಾಲಯದ ಸುವರ್ಣ ಮಹೋತ್ಸವ, ಮಕ್ಕಳ ಪ್ರಥಮ ಪರಮಪ್ರಸಾದ, ಹೊಸ ಪಾಲನಾ ಮಂಡಳಿಯ ಆರಂಭ. ನಡುವಿನ ಕುರ್ಚಿಗಳಲ್ಲಿ ಪೂಜ್ಯ ಗುರುಗಳು, ಅತಿಥಿಗಳು, ದಾನಿಗಳು. ಅವರ ಎರಡೂ ಬದಿಗೆ ಪದಾಧಿಕಾರಿಗಳು. ಕೊಟ್ಟಕೊನೆಯಲ್ಲಿ, ಬಾ ಬಾ ಎಂದು ಕೂಗಿ ಕರೆದ ಮೇಲೆ ಅರೆಮನಸ್ಸಿನಿಂದ ಬಂದು ನಿಲ್ಲುವವರು ದೇವಾಲಯ ಗುಡಿಸುವ ಅಮ್ಮ, ಗಂಟೆ ಬಾರಿಸುವ ಅಜ್ಜ, ದೂರದ ರಾಜ್ಯದಿಂದ ದುಡಿಯಲು ಬಂದು ಭಾಷೆ ಬಾರದೆ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುವ ಕುಟುಂಬ. ಎಲ್ಲರನ್ನೂ ಸೇರಿಸಿಕೊಂಡೆವು ಎಂಬ ತೃಪ್ತಿ ನಮಗೆ. ಚಿತ್ರ ಅಚ್ಚಾಗಿ ಬಂದಾಗ ಮುಖ ಎಳೆದುಹೋದದ್ದು ಅವರದೇ. ಅದಕ್ಕಾಗಿ ಅವರು ದೂರುವುದಿಲ್ಲ. ತಮ್ಮ ಮುಖವೇ ಹಾಗೆಂದು ಸುಮ್ಮನಾಗುತ್ತಾರೆ.

ಚೌಕಟ್ಟಿನೊಳಗೆ ಸೇರಿಸಿಕೊಳ್ಳುವುದು ಒಂದು, ನ್ಯಾಯ ಸಲ್ಲಿಸುವುದು ಇನ್ನೊಂದು. ಈ ಎರಡರ ನಡುವಣ ಅಂತರವನ್ನು ಮರೆತಾಗ ನಮ್ಮ ಔದಾರ್ಯವೇ ಒಂದು ಬಗೆಯ ಅವಮಾನವಾಗಿ ಪರಿಣಮಿಸುತ್ತದೆ. ಪಟ್ಟಿಯಲ್ಲಿ ಹೆಸರಿದೆ, ಮಾತಿಗೆ ಅವಕಾಶವಿಲ್ಲ. ಸಮಿತಿಯಲ್ಲಿ ಸ್ಥಾನವಿದೆ, ತೀರ್ಮಾನದಲ್ಲಿ ಪಾಲಿಲ್ಲ. ಮನೆಗಳಲ್ಲಿಯೂ ಇದೇ ಕಥೆ. ವಯಸ್ಸಾದ ತಾಯಿಯನ್ನು ಮನೆಯಲ್ಲಿಯೇ ಇಟ್ಟುಕೊಂಡಿದ್ದೇವೆಂದು ಹೇಳಿಕೊಳ್ಳುತ್ತೇವೆ. ಆದರೆ ಮನೆಯ ಮಾತುಕತೆಗಳು ಆಕೆಯ ಕೋಣೆಯ ಬಾಗಿಲಿನವರೆಗೂ ತಲುಪುವುದಿಲ್ಲ. ಪ್ರೇಷಿತ ಯಕೋಬನು ತನ್ನ ಪತ್ರದ ಎರಡನೆಯ ಅಧ್ಯಾಯದಲ್ಲಿ, ಚಿನ್ನದ ಉಂಗುರ ತೊಟ್ಟವನಿಗೆ ಒಳ್ಳೆಯ ಆಸನವನ್ನೂ ಬಡವನಿಗೆ ಕಾಲ್ಬಳಿಯ ಜಾಗವನ್ನೂ ತೋರಿಸುವ ಸಭೆಯನ್ನು ಖಂಡಿಸುತ್ತಾನೆ. ಅಲ್ಲಿ ಬಡವನನ್ನು ಹೊರಗೆ ಅಟ್ಟಿರಲಿಲ್ಲವೆಂಬುದನ್ನು ಗಮನಿಸಬೇಕು. ಅವನು ಒಳಗೇ ಇದ್ದ. ಅಂಚಿನಲ್ಲಿದ್ದ.

ಅನುಭವಿ ಛಾಯಾಗ್ರಾಹಕರು ಅತಿವಿಶಾಲ ಮಸೂರದಿಂದ ಗುಂಪುಚಿತ್ರ ತೆಗೆಯುವಾಗ ಪಾಲಿಸುವ ಕೆಲವು ಕ್ರಮಗಳಿವೆ. ಜನರನ್ನು ಚೌಕಟ್ಟಿನ ಕೊನೆಯಂಚಿಗೆ ನಿಲ್ಲಿಸುವುದಿಲ್ಲ. ಅಲ್ಲಿ ಗೋಡೆ, ಗಿಡ, ಆಕಾಶ ಇರುವಂತೆ ನೋಡಿಕೊಳ್ಳುತ್ತಾರೆ. ಉದ್ದನೆಯ ಒಂದು ಸಾಲಿಗೆ ಬದಲು ಎರಡು ಮೂರು ಸಾಲುಗಳನ್ನು ಮಾಡಿ ಎಲ್ಲರನ್ನೂ ಮಧ್ಯದ ಹತ್ತಿರಕ್ಕೆ ತರುತ್ತಾರೆ. ಕ್ಯಾಮೆರಾವನ್ನು ಮೇಲಕ್ಕೋ ಕೆಳಕ್ಕೋ ವಾಲಿಸದೆ ಸಮಮಟ್ಟದಲ್ಲಿ ಹಿಡಿಯುತ್ತಾರೆ. ಇವೆಲ್ಲವೂ ದುಬಾರಿಯೇನಲ್ಲ. ಅಂಚಿನಲ್ಲಿ ಯಾರಿದ್ದಾರೆಂದು ಗುಂಡಿ ಒತ್ತುವುದಕ್ಕೆ ಮುಂಚೆ ಒಮ್ಮೆ ನೋಡುವ ವ್ಯವಧಾನ ಬೇಕು, ಅಷ್ಟೇ.

ಮಧ್ಯವು ಬಿಟ್ಟುಕೊಡಬೇಕಾದ ಬೆಳಕು

ಅತಿವಿಶಾಲ ಮಸೂರದ ಇನ್ನೊಂದು ಸ್ವಭಾವ ಮೂಲೆಗಳ ಕತ್ತಲೆ. ಓರೆಯಾಗಿ ಬರುವ ಬೆಳಕು ಕಡಿಮೆಯಾಗುತ್ತಾ ಹೋಗುವುದಕ್ಕೆ ಒಂದು ಲೆಕ್ಕವಿದೆ. ಸರಳ ರಚನೆಯ ಮಸೂರದಲ್ಲಿ ನಡುವಿನಿಂದ 45 ಡಿಗ್ರಿ ಆಚೆಗಿರುವ ಬಿಂದುವಿಗೆ ಸಿಕ್ಕುವ ಬೆಳಕು ನಡುವಿಗೆ ಸಿಕ್ಕುವುದರ ನಾಲ್ಕನೆಯ ಒಂದು ಪಾಲು ಮಾತ್ರ. 60 ಡಿಗ್ರಿ ಆಚೆಗಾದರೆ ಹದಿನಾರನೆಯ ಒಂದು ಪಾಲು. ನಡುವೆ ಎಲ್ಲವೂ ಬೆಳ್ಳಗೆ ಹೊಳೆಯುತ್ತಿರುವಾಗ ಮೂಲೆಗಳು ಮಸಿಯಾಗುತ್ತವೆ.

1900ರಲ್ಲಿ ಜರ್ಮನಿಯ ಗೋರ್ಟ್ಸ್ ಕಂಪನಿ ‘ಹೈಪರ್ಗಾನ್’ ಎಂಬ ಮಸೂರವನ್ನು ಹೊರತಂದಿತು. ಅದರ ನೋಟ 130 ಡಿಗ್ರಿಗೂ ಮೀರಿದ್ದು. ಅಷ್ಟು ಅಗಲದ ನೋಟದಲ್ಲಿ ಮೂಲೆಗಳಿಗೆ ಬೆಳಕು ತಲುಪಿಸುವುದು ಹೇಗೆ? ಅದನ್ನು ರೂಪಿಸಿದವರು ಕಂಡುಕೊಂಡ ಉಪಾಯ ಸೊಗಸಾದದ್ದು. ಮಸೂರದ ಮುಂದೆ ನಕ್ಷತ್ರಾಕಾರದ ಒಂದು ಪುಟ್ಟ ಚಕ್ರವನ್ನು ಅಳವಡಿಸಿದರು. ರಬ್ಬರಿನ ಬುರುಡೆಯನ್ನು ಹಿಸುಕಿದಾಗ ಬರುವ ಗಾಳಿಯಿಂದ ಆ ಚಕ್ರ ಗಿರ್ರನೆ ತಿರುಗುತ್ತಿತ್ತು. ನಕ್ಷತ್ರದ ಹೊಟ್ಟೆ ನಡುವಿನ ಬೆಳಕನ್ನು ತಡೆಯುತ್ತಿತ್ತು. ಅದರ ಚೂಪಾದ ತುದಿಗಳ ಎಡೆಯಿಂದ ಅಂಚಿಗೆ ಧಾರಾಳ ಬೆಳಕು ಹರಿಯುತ್ತಿತ್ತು. ಚಿತ್ರ ಮೂಡುವ ಅವಧಿಯ ಹೆಚ್ಚು ಪಾಲು ಹೀಗೆ ಕಳೆದ ಮೇಲೆ ಚಕ್ರವನ್ನು ಪಕ್ಕಕ್ಕೆ ಸರಿಸಿ ನಡುವಿಗೂ ಅದರ ಪಾಲಿನ ಬೆಳಕನ್ನು ಕೊಡಲಾಗುತ್ತಿತ್ತು. 1969ರಲ್ಲಿ ಬಂದ ಝೈಸ್ ಕಂಪನಿಯ 15 ಮಿ.ಮೀ. ‘ಹೊಲೊಗಾನ್’ ಮಸೂರಕ್ಕೆ, ನಡುವೆ ಕಪ್ಪಾಗಿ ಅಂಚಿಗೆ ಹೋದಂತೆ ತಿಳಿಯಾಗುವ ಗಾಜಿನ ಸೋಸುಕವನ್ನು ಬಳಸುತ್ತಿದ್ದರು. ತತ್ವ ಅದೇ.

ಅಂಚಿಗೆ ಹೆಚ್ಚುವರಿ ಬೆಳಕನ್ನು ಎಲ್ಲಿಂದಲೋ ತಂದು ಸುರಿಯಲು ಮಸೂರಕ್ಕೆ ಸಾಧ್ಯವಿಲ್ಲ. ಅಂಚು ಬೆಳಗಬೇಕಾದರೆ ಮಧ್ಯವು ಸ್ವಲ್ಪ ಹೊತ್ತು ನೆರಳಿನಲ್ಲಿರಲು ಒಪ್ಪಬೇಕು. ಎಲ್ಲರೂ ಸ್ವಲ್ಪ ಹೆಚ್ಚು ಹೊತ್ತು ಕಾಯಲೂ ಬೇಕು. ಏಕೆಂದರೆ ನಡುವಿನ ಬೆಳಕನ್ನು ತಡೆದ ಮೇಲೆ ಚಿತ್ರ ಮೂಡಲು ಹಿಡಿಯುವ ಸಮಯ ಹೆಚ್ಚುತ್ತದೆ. ಇದಕ್ಕಿಂತ ಸ್ಪಷ್ಟವಾಗಿ ಸಾಮಾಜಿಕ ನ್ಯಾಯದ ಪಾಠವನ್ನು ಹೇಳಲು ಬರುವುದೇ? ಅಂಚಿನವರ ಬಗ್ಗೆ ಮರುಕಪಡುವುದಕ್ಕೆ ನಾವೆಲ್ಲರೂ ಸಿದ್ಧ. ಅದಕ್ಕಾಗಿ ನಮ್ಮ ಮೇಲೆ ಬೀಳುವ ಬೆಳಕು ಒಂದಿಷ್ಟು ತಗ್ಗಬೇಕೆಂದಾಗ ಮಾತ್ರ ಮುಖ ಬಾಡುತ್ತದೆ. ವಾಚನ ಓದುವ ಅವಕಾಶವನ್ನು ವರ್ಷಗಳಿಂದ ಓದುತ್ತಾ ಬಂದವರು ಬೇರೆಯವರಿಗೆ ಬಿಟ್ಟುಕೊಡಬೇಕು. ಸಭೆಯಲ್ಲಿ ಸುಲಲಿತವಾಗಿ ಮಾತನಾಡಬಲ್ಲವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತೊದಲುವವರ ಮಾತು ಮುಗಿಯುವವರೆಗೆ ಕಾಯಬೇಕು. ಆಗ ಸಭೆ ತಡವಾಗಿ ಮುಗಿಯುತ್ತದೆ. ಮುಗಿಯಲಿ.

ಮಧ್ಯದಲ್ಲಿರುವವರನ್ನು ಕತ್ತಲೆಗೆ ದೂಡಬೇಕೆಂದು ಇದರ ಅರ್ಥವಲ್ಲ. ನಕ್ಷತ್ರದ ಚಕ್ರ ಕೊನೆಗೆ ಪಕ್ಕಕ್ಕೆ ಸರಿಯುತ್ತದೆ, ನಡುವಿಗೂ ಬೆಳಕು ಸಿಕ್ಕುತ್ತದೆ. ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಹನ್ನೆರಡನೆಯ ಅಧ್ಯಾಯದಲ್ಲಿ, ದೇಹದ ಬಲಹೀನ ಅಂಗಗಳಿಗೆ ಹೆಚ್ಚಿನ ಗೌರವ ಸಲ್ಲುವಂತೆ ದೇವರೇ ದೇಹವನ್ನು ಜೋಡಿಸಿರುವರೆಂದು ಹೇಳುವಾಗ ಇಂತಹ ಸಮತೋಲನವೇ ಅವನ ಮನಸ್ಸಿನಲ್ಲಿತ್ತು.

ಇಂದಿನ ಕ್ಯಾಮೆರಾಗಳು ಮೂಲೆಗಳ ಕತ್ತಲೆಯನ್ನು ಚಿತ್ರ ತೆಗೆದ ಮೇಲೆ ಲೆಕ್ಕಾಚಾರದಿಂದ ಬೆಳಗಿಸುತ್ತವೆ. ಇದು ಉಪಯುಕ್ತವೇ. ಆದರೆ ಬೆಳಕೇ ಬೀಳದೆ ಹೋದ ಜಾಗವನ್ನು ಆಮೇಲೆ ಬೆಳಗಿಸಿದರೆ ಅಲ್ಲಿ ಮರಳು ಚೆಲ್ಲಿದಂತೆ ಕಾಳುಕಾಳು ಕಾಣಿಸಿಕೊಳ್ಳುತ್ತದೆ. ಸಮಯಕ್ಕೆ ಹಂಚಿಕೊಳ್ಳದ್ದನ್ನು ತಡವಾಗಿ ಪರಿಹಾರವೆಂದು ಕೊಟ್ಟಾಗಲೂ ಹೀಗೆಯೇ. ಬಾಲ್ಯದಲ್ಲಿ ಶಾಲೆ ಕಾಣದವನಿಗೆ ಅರವತ್ತರ ಪ್ರಾಯದಲ್ಲಿ ಶಾಲು ಹೊದಿಸಿದರೆ ಅವನು ಕಳೆದುಕೊಂಡದ್ದು ಮರಳುವುದಿಲ್ಲ.

ಕಿರಿದಾದ ನೋಟವೇ ಮೇಲಲ್ಲವೇ?

ಇಷ್ಟೆಲ್ಲ ತೊಡಕಿದ್ದರೆ ವಿಶಾಲ ಮಸೂರದ ಗೊಡವೆಯೇ ಬೇಡ, ಕಿರಿದಾದ ನೋಟವೇ ಮೇಲು ಎಂದು ಯಾರಾದರೂ ವಾದಿಸಬಹುದು. ಈ ವಾದದಲ್ಲಿ ಹುರುಳಿಲ್ಲದಿಲ್ಲ. 85 ಅಥವಾ 100 ಮಿ.ಮೀ. ಮಸೂರದಿಂದ ಒಬ್ಬರ ಭಾವಚಿತ್ರ ತೆಗೆದರೆ ಮುಖ ಹಿಗ್ಗುವುದಿಲ್ಲ, ಮೂಲೆ ಕಪ್ಪಾಗುವುದಿಲ್ಲ. ಅಂತೆಯೇ ತನ್ನ ಹೆಂಡತಿ ಮಕ್ಕಳನ್ನು ಮಾತ್ರ ಅಚ್ಚುಕಟ್ಟಾಗಿ ನೋಡಿಕೊಂಡು ಊರ ಉಸಾಬರಿಗೆ ಹೋಗದವನ ಬದುಕಿನಲ್ಲಿ ಗೊಂದಲವೂ ಕಡಿಮೆ, ಟೀಕೆಯೂ ಕಡಿಮೆ.

ಆದರೆ ಕಿರಿದಾದ ನೋಟಕ್ಕೂ ಅದರದೇ ಆದ ಸುಳ್ಳಿದೆ. ಅದು ಬಿಟ್ಟುಬಿಡುವುದರ ಮೂಲಕ ಹೇಳುವ ಸುಳ್ಳು. ವಿಶಾಲ ನೋಟದಲ್ಲಿ ಎಳೆದ ಮುಖವಾದರೂ ಕಾಣುತ್ತದೆ. ಕಂಡಾಗ ಇದು ಸರಿಯಿಲ್ಲವೆಂದು ನಮ್ಮ ಮನಸ್ಸು ಚುಚ್ಚುತ್ತದೆ. ಕಿರಿದಾದ ನೋಟದಲ್ಲಿ ಹೊರಗುಳಿದವನ ಗುರುತೇ ಇರುವುದಿಲ್ಲವಾದ್ದರಿಂದ ಮನಸ್ಸು ಚುಚ್ಚುವ ಪ್ರಮೇಯವೂ ಬರುವುದಿಲ್ಲ. ಜೆರಿಕೋವಿಗೆ ಇಳಿದುಹೋಗುವ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡೂ ಬದಿಯಿಂದ ಹಾದುಹೋದ ಯಾಜಕನು ಕೆಟ್ಟ ಮನುಷ್ಯನಾಗಿಯೇ ಇರಬೇಕೆಂದಿಲ್ಲ. ತನ್ನ ಕರ್ತವ್ಯದ ಕಿರಿದಾದ ಚೌಕಟ್ಟಿನೊಳಗೆ ಅವನು ಸರಿಯಾಗಿಯೇ ಇದ್ದಿರಬಹುದು. ಗಾಯಗೊಂಡವನು ಆ ಚೌಕಟ್ಟಿನೊಳಗೆ ಇರಲಿಲ್ಲ. 2013ರಿಂದ 2025ರಲ್ಲಿ ದೈವಾಧೀನರಾಗುವವರೆಗೆ ಧರ್ಮಸಭೆಯನ್ನು ಮುನ್ನಡೆಸಿದ ಜಗದ್ಗುರು ಫ್ರಾನ್ಸಿಸ್‌ರವರು ಸಮಾಜದ ಅಂಚುಗಳತ್ತ ತೆರಳುವಂತೆ ಮತ್ತೆ ಮತ್ತೆ ಕರೆನೀಡಿದ್ದು ಇದೇ ಕಾರಣಕ್ಕಾಗಿ. ಆದುದರಿಂದ ವಿಶಾಲವಾಗಿಯೇ ನೋಡಬೇಕು. ಅದರ ವಿರೂಪಗಳನ್ನು ಅರಿತುಕೊಂಡು ನೋಡಬೇಕು.

ಹತ್ತಿರದ್ದು ದೊಡ್ಡದಾಗುವ ಅಪಾಯ

ಅರಿತುಕೊಳ್ಳಬೇಕಾದ ಇನ್ನೊಂದು ಸಂಗತಿ, ವಿಶಾಲ ಮಸೂರ ಹಿಡಿದವನು ಸಾಮಾನ್ಯವಾಗಿ ವಸ್ತುವಿಗೆ ಬಹಳ ಹತ್ತಿರ ಹೋಗುತ್ತಾನೆ. ಆಗ ಹತ್ತಿರದ್ದು ಬೃಹತ್ತಾಗಿಯೂ ದೂರದ್ದು ತೀರ ಚಿಕ್ಕದಾಗಿಯೂ ಮೂಡುತ್ತದೆ. ಸಮಾನ ಎತ್ತರದ ಇಬ್ಬರಲ್ಲಿ ಒಬ್ಬನು 1 ಮೀಟರ್, ಇನ್ನೊಬ್ಬನು 4 ಮೀಟರ್ ದೂರದಲ್ಲಿದ್ದರೆ ಎರಡನೆಯವನು ಮೊದಲನೆಯವನ ಕಾಲುಭಾಗದಷ್ಟೇ ಕಾಣುತ್ತಾನೆ. ಛಾಯಾಗ್ರಾಹಕನು 9 ಮೀಟರ್ ಹಿಂದೆ ಸರಿದರೆ ಎರಡನೆಯವನು ಮೊದಲನೆಯವನ ಮುಕ್ಕಾಲುಭಾಗಕ್ಕೂ ಸ್ವಲ್ಪ ಹೆಚ್ಚಾಗಿ ಕಾಣುತ್ತಾನೆ. ನಿಂತ ಜಾಗ ಬದಲಾದರೆ ಮನುಷ್ಯರ ಅಳತೆಯೇ ಬದಲಾದಂತೆ ತೋರುತ್ತದೆ.

ಬಾಡಿಗೆಗೆ ಕೊಡುವ ಸಣ್ಣ ಕೋಣೆಯನ್ನು ಅರಮನೆಯ ಹಜಾರದಂತೆ ತೋರಿಸುವವರು ಬಳಸುವುದು ಈ ಗುಣವನ್ನೇ. ಕ್ಯಾಮೆರಾ ಸುಳ್ಳು ಹೇಳಲಿಲ್ಲ, ಇದ್ದದ್ದನ್ನೇ ತೋರಿಸಿತು ಎಂದು ಅವರು ವಾದಿಸಬಹುದು. ಆದರೆ ನೋಡುವವನು ಏನೆಂದು ತಪ್ಪು ತಿಳಿಯುವನೆಂಬುದು ಗೊತ್ತಿದ್ದೂ ಆ ತಪ್ಪು ತಿಳಿವಳಿಕೆಯಿಂದ ಲಾಭ ಪಡೆಯುವುದು ಸುಳ್ಳೇ. ಇನ್ನು ನಮ್ಮ ಮನಸ್ಸಿನ ಮಾತಿಗೆ ಬಂದರೆ, ನಿನ್ನೆ ಯಾರೋ ಆಡಿದ ಒಂದು ಬಿರುನುಡಿ ಮೂಗಿನ ಮುಂದೆಯೇ ನಿಂತು ಇಪ್ಪತ್ತು ವರ್ಷಗಳ ಸ್ನೇಹವನ್ನು ಚುಕ್ಕೆಯಷ್ಟು ಮಾಡಿಬಿಡುತ್ತದೆ. ಆಗ ಮಾಡಬೇಕಾದದ್ದು ಛಾಯಾಗ್ರಾಹಕನು ಮಾಡುವುದನ್ನೇ. ಕೆಲವು ಹೆಜ್ಜೆ ಹಿಂದೆ ಸರಿದು ನೋಡಬೇಕು.

ಜೊತೆಗೆ, ಅತಿವಿಶಾಲ ಚೌಕಟ್ಟಿನೊಳಗೆ ಚಿತ್ರ ತೆಗೆಯುವವನೂ ಬಂದು ಸೇರಿಕೊಳ್ಳುತ್ತಾನೆ. ಅವನ ಕಾಲಿನ ತುದಿ, ಬೆರಳು, ಸಂಜೆಯ ಬಿಸಿಲಿನಲ್ಲಿ ಅವನ ಉದ್ದನೆಯ ನೆರಳು. ಹೊಲೊಗಾನ್ ಕ್ಯಾಮೆರಾವನ್ನು ಹಿಡಿಯಲು ಕೆಳಭಾಗದಲ್ಲಿ ಒಂದು ಹಿಡಿಯನ್ನೇ ಅಳವಡಿಸಿಕೊಳ್ಳಬೇಕಾಗಿತ್ತು, ಇಲ್ಲದಿದ್ದರೆ ಬೆರಳುಗಳು ಚಿತ್ರದಲ್ಲಿ ಮೂಡುತ್ತಿದ್ದವು. ಸಮಾಜವನ್ನೆಲ್ಲ ಒಂದೇ ನೋಟದಲ್ಲಿ ಅಳೆದು ತೀರ್ಪು ಕೊಡುವವನು ಆ ಚಿತ್ರದಲ್ಲಿ ತನ್ನ ನೆರಳೂ ಬಿದ್ದಿದೆಯೇ ಎಂದು ಮೊದಲು ನೋಡಿಕೊಳ್ಳುವುದು ಒಳಿತು. ಕಣ್ಣಿನಲ್ಲಿರುವ ತೊಲೆಯ ಬಗ್ಗೆ ಪ್ರಭು ಕೊಟ್ಟ ಎಚ್ಚರಿಕೆ ನೋಡುವವನನ್ನು ಕುರಿತದ್ದೇ ಅಲ್ಲವೇ?

ಎಲ್ಲಿ ನಿಂತು ನೋಡಬೇಕು?

ಕೊನೆಯದಾಗಿ, ಈ ವಿರೂಪದ ಬಗ್ಗೆ ಬಹಳ ಜನರಿಗೆ ತಿಳಿಯದ ಒಂದು ಸತ್ಯವಿದೆ. 14 ಮಿ.ಮೀ. ಮಸೂರದ ಚಿತ್ರವನ್ನು ಹತ್ತು ಪಟ್ಟು ದೊಡ್ಡದಾಗಿ, ಅಂದರೆ 36 ಸೆಂ.ಮೀ. ಅಗಲಕ್ಕೆ ಮುದ್ರಿಸಿ, ಅದರ ನಡುವಿಗೆ ಎದುರಾಗಿ 14 ಸೆಂ.ಮೀ. ದೂರದಲ್ಲಿ ಒಂದೇ ಕಣ್ಣಿಟ್ಟು ನೋಡಿದರೆ ಅಂಚಿನ ಮುಖಗಳು ಎಳೆದಂತೆ ಕಾಣುವುದಿಲ್ಲ! ಹಾಳೆ ಓರೆಯಾಗಿ ಹಿಗ್ಗಿಸಿದ್ದನ್ನು ಕಣ್ಣಿನ ಓರೆ ನೋಟ ಅಷ್ಟೇ ಪ್ರಮಾಣದಲ್ಲಿ ಕುಗ್ಗಿಸುತ್ತದೆ. ನಾವು ಸಾಮಾನ್ಯವಾಗಿ ಚಿತ್ರವನ್ನು ಒಂದು ಮೊಳ ದೂರದಲ್ಲಿ ಹಿಡಿದು ನೋಡುತ್ತೇವೆ. ಆದ್ದರಿಂದ ಅದು ವಿಕಾರವಾಗಿ ಕಾಣುತ್ತದೆ. ವಿರೂಪದ ಒಂದು ಪಾಲು ಚಿತ್ರದಲ್ಲಿದ್ದರೆ ಇನ್ನೊಂದು ಪಾಲು ನಮ್ಮ ದೂರದಲ್ಲಿದೆ.

ಈ ಮರ್ಮವನ್ನು ಕ್ಯಾಮೆರಾ ಹುಟ್ಟುವ ಮೊದಲೇ ಬಲ್ಲವರಿದ್ದರು. 17ನೆಯ ಶತಮಾನದ ಕೊನೆಯಲ್ಲಿ ಯೇಸುಸಭೆಯ ಸಹೋದರ ಆಂದ್ರೇಯ ಪೊತ್ಸೊರವರು ರೋಮಿನ ಸಂತ ಇಗ್ನಾಸಿಯವರ ದೇವಾಲಯದ ಛಾವಣಿಯ ಮೇಲೆ ಆಕಾಶಕ್ಕೆ ತೆರೆದುಕೊಂಡಂತೆ ತೋರುವ ಭವ್ಯ ಕಂಬಗಳನ್ನು ಬರೆದರು. ದೇವಾಲಯದ ನೆಲದಲ್ಲಿ ಒಂದು ಅಮೃತಶಿಲೆಯ ಬಿಲ್ಲೆಯಿದೆ. ಅದರ ಮೇಲೆ ನಿಂತು ನೋಡಿದರೆ ಕಂಬಗಳು ನೆಟ್ಟಗೆ ಸ್ವರ್ಗಕ್ಕೆ ಏರಿದಂತೆ ಕಾಣುತ್ತವೆ. ಬೇರೆಡೆಗೆ ಸರಿದಂತೆ ಅವು ವಾಲುತ್ತವೆ, ಬೀಳುವಂತೆ ತೋರುತ್ತವೆ. ಚಿತ್ರ ಬದಲಾಗಿಲ್ಲ. ನೋಡುವವನ ಜಾಗ ಬದಲಾಗಿದೆ.

ನಮಗೆ ವಿಚಿತ್ರವಾಗಿ, ಒರಟಾಗಿ, ಅರ್ಥವಾಗದವರಾಗಿ ಕಾಣುವ ಜನರಿದ್ದಾರೆ. ಅವರ ಮಾತು ಒರಟು, ನಡೆ ವಿಲಕ್ಷಣ, ಬಡತನ ಅಸಹ್ಯ ಎಂದು ನಮಗೆ ತೋರುತ್ತದೆ. ಅವರು ನಿಜವಾಗಿಯೂ ಹಾಗೆಯೇ ಇದ್ದಾರೆಯೇ, ಅಥವಾ ನಾವು ನೋಡಬೇಕಾದ ಜಾಗದಲ್ಲಿ ನಿಂತಿಲ್ಲವೇ? ಆ ಜಾಗ ಯಾವಾಗಲೂ ನಾವು ಬಯಸುವುದಕ್ಕಿಂತ ಹತ್ತಿರದಲ್ಲಿರುತ್ತದೆ. ಜಕ್ಕಾಯನನ್ನು ಜೆರಿಕೋವಿನ ಜನ ದೂರದಿಂದ ನೋಡಿ ಪಾಪಿಯೆಂದು ಗೊಣಗಿದರು. ಯೇಸುಸ್ವಾಮಿ ಅವನ ಮನೆಯೊಳಗೆ ಹೋದರು. ಅಬ್ರಹಾಮನ ಮಗನ ಮುಖ ಅವರಿಗೆ ಅಲ್ಲಿ ಕಂಡಿತು.

ಯಾವ ವಿರೂಪವೂ ಇಲ್ಲದೆ ಎಲ್ಲರನ್ನೂ ಒಂದೇ ಬಾರಿಗೆ ನೋಡುವ ಶಕ್ತಿ ದೇವರಿಗೆ ಮಾತ್ರ ಸೇರಿದ್ದು. ಆತನ ನೋಟಕ್ಕೆ ನಡುವೂ ಇಲ್ಲ, ಅಂಚೂ ಇಲ್ಲ. ನಮ್ಮದು ಮನುಷ್ಯರ ನೋಟ. ಅದಕ್ಕೆ ಅಂಚು ಇದ್ದೇ ಇರುತ್ತದೆ, ಆ ಅಂಚಿನಲ್ಲಿ ಯಾರೋ ಒಬ್ಬರು ನಿಂತೇ ಇರುತ್ತಾರೆ. ಅವರನ್ನು ಮಧ್ಯಕ್ಕೆ ಕರೆಯಬಹುದು, ನಮ್ಮ ಬೆಳಕಿನಲ್ಲಿ ಒಂದಿಷ್ಟನ್ನು ಅವರಿಗೆ ಬಿಟ್ಟುಕೊಡಬಹುದು, ಅವರ ಹತ್ತಿರಕ್ಕೆ ನಾವೇ ಹೋಗಬಹುದು. ಈ ಮೂರರಲ್ಲಿ ಒಂದನ್ನೂ ಮಾಡದೆ ಎಲ್ಲರನ್ನೂ ಸೇರಿಸಿಕೊಂಡಿದ್ದೇವೆಂದು ಹೇಳಿಕೊಳ್ಳುವ ಹಕ್ಕು ನಮಗಿಲ್ಲ. ಮುಂದಿನ ಭಾನುವಾರ ಬಲಿಪೂಜೆ ಮುಗಿದು ಅಂಗಳದಲ್ಲಿ ಎಲ್ಲರೂ ಗುಂಪುಗೂಡಿದಾಗ, ನಮ್ಮ ಮಾತಿನ ವರ್ತುಲದ ಅಂಚಿನಲ್ಲಿ ಯಾರು ನಿಂತಿದ್ದಾರೆಂದು ಒಮ್ಮೆ ತಿರುಗಿ ನೋಡೋಣ.